ಮೀನಿರುವ ಟಬ್ಬಿಗೆ ಬೇವಿನೆಣ್ಣೆ ಬೇಡ್ರಿ

ಅಕ್ಕಾರ, ತಾವರೆ ಟಬ್ಬಿನಲ್ಲಿ ಗಪ್ಪಿ ಮೀನು ಇದ್ದರೂ ಸೊಳ್ಳೆಮರಿ ಕಂಡವು, ರಾತ್ರಿ ಎರಡು ಮುಚ್ಚಳ ಬೇವಿನೆಣ್ಣೆ ಹಾಕ್ತೀನಿ ಅಂದಿದ್ದೀರಲ್ಲ, ಮೊದಲು ಆ ಬಾಟಲಿ ಕೆಳಗಿಡ್ರಿ. 2019ರ ಮಳೆಗಾಲದಲ್ಲಿ ಪುಣೆಯ ಕೋಥರೂಡಿನ ನಮ್ಮ ಟೆರೇಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಎಣ್ಣೆ ನೀರಿಗೆ ಬೆರೆಯದೆ ಹಳದಿ ಬೊಟ್ಟು ಬೊಟ್ಟಾಗಿ ತೇಲಿ ಎಲೆಯಂಚಿಗೆ ಮೆತ್ತಿಕೊಂಡಿತು. ಬೆಳಿಗ್ಗೆ ನೋಡಿದರೆ ಹನ್ನೊಂದು ಗಪ್ಪಿ ಸತ್ತು ತೇಲುತ್ತಿವೆ, ಎಣ್ಣೆ ತಾಗದ ಮೂಲೆಯಲ್ಲಿ ಲಾರ್ವಾಗಳು (ಸೊಳ್ಳೆಮರಿಗಳು) ಬಾಲ ಮೇಲೆ ಮಾಡಿ ಆರಾಮಾಗಿ ಉಸಿರಾಡುತ್ತಿವೆ!

ನಿಮ್ಮ ಗಪ್ಪಿ ಲಾರ್ವಾ ತಿನ್ನದಿದ್ದರೆ ನೀವು ದಿನಾ ಕಾಳು ಹಾಕ್ತಿದ್ದೀರಿ ಅಂತ ಅರ್ಥ. ಮೂರು ದಿನ ನಿಲ್ಲಿಸಿ, ಒತ್ತಾಗಿರುವ ಎಲೆ ಕತ್ತರಿಸಿ ನೀರಿನ ಮೇಲೆ ಜಾಗ ಮಾಡ್ರಿ.

ಬೇವು ಇರೋದು ಮೀನಿಲ್ಲದ ಕಡೆಗೆ: ಕುಂಡದ ತಟ್ಟೆ, ಕೂಲರ್, ಗಟಾರ. ನಾನು ನಾಲ್ಕೈದು ಅಂಟುವಾಳದ ಸಿಪ್ಪೆ ರಾತ್ರಿ ನೆನೆಸಿ ಬೆಳಿಗ್ಗೆ ಹಿಸುಕಿ ಸೋಸ್ತೀನಿ. (ಇಲ್ಲಿನ ಅಂಗಡಿಯಲ್ಲಿ ರಿಠಾ ಅನ್ರಿ, ಅಂಟುವಾಳ ಅಂದರೆ ಮುಖ ನೋಡ್ತಾರೆ.) ಆ ನೊರೆನೀರಿಗೆ 5 ಎಂಎಲ್ ಎಣ್ಣೆ ಹಾಕಿ ಮಜ್ಜಿಗೆ ಕಡೆದ ಹಾಗೆ ಕಡೀರಿ. ಹಾಲಿನಂತಾದ ಮೇಲೆ ಒಂದು ಲೀಟರ್ ನೀರಿಗೆ ಸೇರಿಸ್ರಿ. ಮೇಲೆ ಎಣ್ಣೆ ಬೊಟ್ಟು ಕಂಡರೆ ಮತ್ತೆ ಕಡೀಬೇಕು. ಅಂಟುವಾಳದ ನೀರೂ ಮೀನಿಗೆ ವಿಷವೇ, ನೆನಪಿರಲಿ. ಬೇವಿನಲ್ಲಿ ಹುಳದ ಮೇಲೆ ಕೆಲಸ ಮಾಡುವ ಅಂಶ ಅಜಾಡಿರಾಕ್ಟಿನ್, ಅದು ಬಿಸಿಲಿಗೆ ಕೆಡುತ್ತೆ, ಆದ್ದರಿಂದ ಸಂಜೆ ಹಾಕ್ರಿ, ವಾರಕ್ಕೊಮ್ಮೆ ಹೊಸದು.

ಮರುದಿನ ಹುಳ ಇನ್ನೂ ಒದ್ದಾಡ್ತಿವೆ ಅಂತ ಈ ಗುಂಪಿನಲ್ಲಿ ಫೋಟೋ ಹಾಕಬೇಡ್ರಿ. ಬೇವು ತಕ್ಷಣ ಕೊಲ್ಲೋದಿಲ್ಲ, ಪೊರೆ ಕಳಚೋದನ್ನ ತಡೆಯುತ್ತೆ, ಹುಳ ಸೊಳ್ಳೆಯಾಗದೆ ಸಾಯುತ್ತೆ. ಲಾರ್ವಾ ಸೊಳ್ಳೆಯಾಗೋ ಮುಂಚಿನ ಹಂತ ಪ್ಯೂಪಾ, ಬಾಗಿದ ಅಲ್ಪವಿರಾಮದ ಹಾಗಿರುತ್ತೆ. ಅದು ಮಾತ್ರ ಏನೂ ತಿನ್ನಲ್ಲ, ಬೇವನ್ನ ನಂಬಿ ಕೂರಬೇಡ್ರಿ. ಅವು ಕಂಡರೆ ತಟ್ಟೆಯ ನೀರನ್ನ ಬಿಸಿಲು ಬಿದ್ದ ಮಣ್ಣಿಗೆ ಚೆಲ್ಲಿಬಿಡ್ರಿ. ಎಣ್ಣೆ ಯಾವ ಕಂಪನಿದು ಅಂತ ಕೇಳ್ತೀರಿ. ಹೆಸರು ಬಿಡ್ರಿ, ಬಾಟಲಿಯ ಚೀಟಿಯ ಮೇಲೆ ಅಜಾಡಿರಾಕ್ಟಿನ್ 1500 ಪಿಪಿಎಂ (ಹತ್ತು ಲಕ್ಷದಲ್ಲಿ 1500 ಭಾಗ) ಅಂತ ಇದೆಯಾ ನೋಡ್ರಿ. ದೀಪಕ್ಕೆ ಅಂತ ಮಾರುವ ಬೇವಿನೆಣ್ಣೆ ದೀಪಕ್ಕೇ ಇರಲಿ.

ಗುಂಪಿನಲ್ಲಿ ಯಾರೋ ಲಾರ್ವಾ ಕೊಲ್ಲೋಕೆ ಸೀತಾಫಲದ ಬೀಜ ಮಿಕ್ಸಿಗೆ ಹಾಕಿ ಅಂದಿದ್ದಾರೆ. ಲಾರ್ವಾ ಸಾಯೋದು ನಿಜ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಗಾಯವಾಗುತ್ತೆ, ಮಿಕ್ಸಿ ಮತ್ತೆ ಅಡಿಗೆಗೆ ಬಾರದು. ಪುಣೆ ಹತ್ತಿರದ ಸಾಸವಡದ ಸೀತಾಫಲ ತಿಂದು ಬೀಜ ಎಸೀರಿ.

ಎಲ್ಲಾ ಮಾಡಿ ತಟ್ಟೆ ತಿಕ್ಕದಿದ್ದರೆ ವ್ಯರ್ಥ. ಡೆಂಗ್ಯೂ ಸೊಳ್ಳೆ ಮೊಟ್ಟೆ ಅಂಟಿಸೋದು ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒಣಗಿದರೂ ಅವು ತಿಂಗಳುಗಟ್ಟಲೆ ಬದುಕ್ತವೆ. ತೆಂಗಿನ ನಾರು ತಗೊಂಡು ಆ ಗೆರೆಯನ್ನೇ ಗಟ್ಟಿಯಾಗಿ ತಿಕ್ರಿ. ತಿಕ್ಕಿದ ನೀರು ಮಾತ್ರ ತಾವರೆ ಟಬ್ಬಿಗೆ ಸುರಿಬೇಡ್ರಿ ಮತ್ತೆ.