ಆಲ್ಬಂ ಕೊಳ್ಳುವವರಿಗೆ ಉಪಯೋಗವಾಗುವಂಥ ವಿಮರ್ಶೆ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ರಾಕ್, ಪಾಪ್, ಜಾಝ್ ಆಲ್ಬಂಗಳ ಬಗ್ಗೆ ಬರೆಯಲು ಹೊರಟಿದ್ದೀರಿ, ಓದಿದವರು ದುಡ್ಡು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವಂತಿರಬೇಕು, ಎಲ್ಲಿಂದ ಶುರು ಮಾಡುವುದು?

ಕೈಯಲ್ಲಿರುವ ಪ್ರತಿಯ ಜಾತಕ ಬರೆದುಕೊಳ್ಳುವುದರಿಂದ ಶುರು ಮಾಡಿ. ಆಲ್ಬಂ ಚೆನ್ನಾಗಿದೆ ಎಂದು ಹೇಳುವವರು ನೂರು ಜನ ಸಿಗುತ್ತಾರೆ. ಅಂಗಡಿಯಲ್ಲಿ ಒಂದೇ ಹೊದಿಕೆಯ ನಾಲ್ಕು ಪ್ರತಿಗಳ ಮುಂದೆ ನಿಂತವನಿಗೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಹೇಳುವವರು ಕಡಿಮೆ. ಕಂಪನಿ, ಕ್ಯಾಟಲಾಗ್ ಸಂಖ್ಯೆ, ಈ ಪ್ರತಿ ಬಂದ ವರ್ಷ, ಮಾನೊ ಅಥವಾ ಸ್ಟೀರಿಯೊ (ಎಡಬಲಕ್ಕೆ ಒಂದೇ ಸದ್ದೋ ಬೇರೆಬೇರೆಯೋ), ಮಾಸ್ಟರಿಂಗ್ (ತಟ್ಟೆಗೋ ಸಿಡಿಗೋ ಕೊನೆಯ ಹದ ಕೊಡುವ ಕೆಲಸ) ಮಾಡಿದವರ ಹೆಸರು, ಇಷ್ಟನ್ನು ಮೊದಲ ಸಾಲಿನಲ್ಲೇ ಕೊಡಿ. ಎಲ್‌ಪಿಯಾದರೆ ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು ಅಲ್ಲಿರುವ ಅಕ್ಷರಗಳನ್ನೂ ಓದಿ. ಬ್ಲೂ ನೋಟ್ ಕಂಪನಿಯ ಹಳೆಯ ಜಾಝ್ ತಟ್ಟೆಗಳಲ್ಲಿ ಅಲ್ಲಿ ‘ಆರ್‌ವಿಜಿ’ ಎಂದಿದ್ದರೆ ಧ್ವನಿಮುದ್ರಣ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಕೆತ್ತಿದ ಮಾಸ್ಟರ್, ಅಂದರೆ ಪ್ರತಿಗಳನ್ನು ತೆಗೆಯುವ ಮೂಲ, ಎಂದರ್ಥ. ಪಕ್ಕದಲ್ಲಿ ಕಿವಿಯಂತೆ ಕಾಣುವ ಒಂದು ಗುರುತೂ ಇದ್ದರೆ 1966ರವರೆಗೆ ಆ ಕಂಪನಿಗೆ ತಟ್ಟೆ ಒತ್ತಿಕೊಡುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯದ್ದು. ಆರ್‌ವಿಜಿ ಇದ್ದು ಕಿವಿ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಆಮೇಲಿನ ಪ್ರತಿ. ಬೆಲೆಯಲ್ಲಿ ದೊಡ್ಡ ಅಂತರ, ಕೇಳುವ ಸದ್ದಿನಲ್ಲಿ ಎಷ್ಟೋ ಸಲ ಅಷ್ಟು ಅಂತರ ಇರುವುದಿಲ್ಲ.

ಇದೆಲ್ಲ ಸಂಗ್ರಹಕಾರರ ಚಪಲ ಅನಿಸಬಹುದು. ಆದರೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ನೋಡಿ. ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಹೀಗೆ ಎರಡು ದಿನಗಳಲ್ಲಿ ಧ್ವನಿಮುದ್ರಣವಾಗಿ ಅದೇ ಆಗಸ್ಟ್‌ನಲ್ಲಿ ಹೊರಬಂತು. ಮಾರ್ಚ್‌ನ ದಿನ ಬಳಸಿದ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಆ ದಿನದ ‘ಸೋ ವಾಟ್’, ‘ಫ್ರೆಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಮೂರೂ ಮೊದಲ ಬದಿಯಲ್ಲಿವೆ. ಮೂರು ದಶಕಗಳಷ್ಟು ಕಾಲ ಜಗತ್ತು ಇವನ್ನು ಒಂದಿಷ್ಟು ಏರಿದ ಶ್ರುತಿಯಲ್ಲೇ ಕೇಳಿತು. 1990ರ ದಶಕದಲ್ಲಿ ತಪ್ಪು ಗುರುತಿಸಿ, ಸರಿಯಾದ ವೇಗದಲ್ಲಿ ಓಡಿದ್ದ ಎರಡನೇ ಯಂತ್ರದ ಟೇಪಿನಿಂದ ಸರಿಪಡಿಸಿದರು. 1997ರ ಸಿಡಿ ಸರಿಪಡಿಸಿದ್ದು.

ಕೈಯಲ್ಲಿರುವ ಪ್ರತಿ ಯಾವುದೆಂದು ಕಂಡುಹಿಡಿಯಲು ನಮ್ಮವರಿಗೆ ಒಂದು ಸುಲಭದ ದಾರಿಯಿದೆ. ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ತೆರೆದು ಹಾರ್ಮೋನಿಯಂನ ಬಿಳಿ ಎರಡಕ್ಕೆ, ಅಂದರೆ ಡಿ ಸ್ವರಕ್ಕೆ ಇಟ್ಟು ‘ಸೋ ವಾಟ್’ ಹಾಕಿ. ಸರಿಪಡಿಸಿದ ಪ್ರತಿಯಾದರೆ ಕೂತುಕೊಳ್ಳುತ್ತದೆ, ಹಳೆಯದಾದರೆ ಉಜ್ಜಿದಂತೆ ಕೇಳಿಸುತ್ತದೆ. ಆದರೆ ಎಲ್‌ಪಿ ತಿರುಗಿಸುವ ನಿಮ್ಮ ಯಂತ್ರವೇ ಜೋರಾಗಿ ಓಡುತ್ತಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ತಟ್ಟೆ ತಿರುವಿ, ಶ್ರುತಿಯನ್ನು ಬಿಳಿ ಐದಕ್ಕೆ, ಅಂದರೆ ಜಿ ಸ್ವರಕ್ಕೆ ಇಟ್ಟು ಏಪ್ರಿಲ್‌ನಲ್ಲಿ ಮುದ್ರಿಸಿದ ‘ಆಲ್ ಬ್ಲೂಸ್’ ಹಾಕಿ. ಎರಡನೇ ಬದಿ ಸರಿಯಿದ್ದು ಮೊದಲನೆಯದು ಮಾತ್ರ ಏರಿದ್ದರೆ ತಪ್ಪು ಮಾಸ್ಟರ್‌ನದು. ಎರಡೂ ಏರಿದ್ದರೆ ಮೊದಲು ನಿಮ್ಮ ಯಂತ್ರದ ವೇಗ ಸರಿಮಾಡಿಕೊಳ್ಳಿ.

ಇನ್ನು ಮಿಕ್ಸ್ ಮತ್ತು ಮಾಸ್ಟರಿಂಗ್ ಬೇರೆಬೇರೆ ಎಂಬುದನ್ನು ಬರೆಯುವಾಗ ಬೆರೆಸಬೇಡಿ. ಯಾವ ವಾದ್ಯ ಎಷ್ಟು ಜೋರು, ಎಡಕ್ಕೋ ಬಲಕ್ಕೋ ಎಂದು ತೀರ್ಮಾನವಾಗುವುದು ಮಿಕ್ಸ್‌ನಲ್ಲಿ. ಹಾಗೆ ಮುಗಿದದ್ದನ್ನು ತಟ್ಟೆಗೋ ಸಿಡಿಗೋ ಹದಗೊಳಿಸುವುದು ಮಾಸ್ಟರಿಂಗ್. ರಾಕ್ ತಂಡ ಸ್ಟೂಜಸ್‌ನವರ ‘ರಾ ಪವರ್’ 1973ರಲ್ಲಿ ಬಂದದ್ದು ಡೇವಿಡ್ ಬೋವಿ ಮಿಕ್ಸ್‌ನಲ್ಲಿ: ಹಾಡುಗಾರಿಕೆ, ಗಿಟಾರ್ ಮುಂದೆ, ಡ್ರಮ್ಸ್ ಮತ್ತು ಬೇಸ್ ಎಲ್ಲೋ ಹಿಂದೆ. 1997ರಲ್ಲಿ ತಂಡದ ಹಾಡುಗಾರ ಇಗ್ಗಿ ಪಾಪ್ ತಾನೇ ಮತ್ತೆ ಮಿಕ್ಸ್ ಮಾಡಿ ಎಲ್ಲವನ್ನೂ ಮೇಲಕ್ಕೆ ತಂದ, ಸದ್ದು ಒಡೆಯುವಷ್ಟು ಜೋರು. 2010ರಲ್ಲಿ ಬೋವಿ ಮಿಕ್ಸ್ ಮತ್ತೆ ಬಂತು. ಹೆಸರು ಒಂದೇ ಆದರೂ ಕೇಳಲು ಇವು ಎರಡು ಆಲ್ಬಂಗಳು. ಬೀಟಲ್ಸ್‌ನವರ ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಕತೆಯೂ ಇಂಥದ್ದೇ: 1987ರಲ್ಲಿ ಸಿಡಿಗೆಂದು ಜಾರ್ಜ್ ಮಾರ್ಟಿನ್ ಹೊಸದಾಗಿ ಸ್ಟೀರಿಯೊ ಮಿಕ್ಸ್ ಮಾಡಿದರು, 2009ರ ಸ್ಟೀರಿಯೊ ಸಿಡಿಗಳಲ್ಲಿರುವುದೂ ಅದೇ. 1965ರ ಮೂಲ ಸ್ಟೀರಿಯೊ ಬೇಕಾದವರು, ತಮಾಷೆಯೆಂದರೆ, 2009ರ ಮಾನೊ ಸಿಡಿ ಪೆಟ್ಟಿಗೆಯನ್ನು ಹುಡುಕಬೇಕು. ಸ್ಟ್ರೀಮಿಂಗ್‌ನಲ್ಲಿ ಕೇಳಿ ಬರೆಯುವವರು ಆಟ್ಮೋಸ್ (ಸುತ್ತಲಿಂದಲೂ ಕೇಳಿಸುವಂತೆ ಮಾಡುವ ಸೌಲಭ್ಯ) ಆಫ್ ಮಾಡಿಕೊಳ್ಳಿ. ಅದೂ ಬೇರೆ ಮಿಕ್ಸೇ.

ಹೆಚ್ಚಿನವರು ಎಡವುವುದು ಎರಡು ಪ್ರತಿಗಳನ್ನು ಹೋಲಿಸುವಲ್ಲಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನು ‘ಜೋರು’ ಎಂದು ಗುರುತಿಸದೆ ‘ಸ್ಪಷ್ಟ’, ‘ತುಂಬಿದ ಸದ್ದು’ ಎಂದು ಗುರುತಿಸುತ್ತದೆ. ಹೊಸ ರೀಮಾಸ್ಟರ್‌ಗಳಿಗೆ (ಮತ್ತೆ ಮಾಸ್ಟರಿಂಗ್ ಮಾಡಿದ ಪ್ರತಿಗಳಿಗೆ) ಸಿಗುವ ಹೊಗಳಿಕೆಯಲ್ಲಿ ಒಳ್ಳೆಯ ಪಾಲು ಈ ಮೋಸದ್ದು. ಎರಡೂ ಫೈಲ್‌ಗಳನ್ನು ರೀಪ್ಲೇಗೇನ್ ಇರುವ ಪ್ಲೇಯರ್‌ನಲ್ಲಿ ಹಾಕಿ ಸದ್ದು ಸಮಮಾಡಿಕೊಳ್ಳಿ, ಒಂದೇ ಹಾಡಿನ ಅದೇ 30 ಸೆಕೆಂಡನ್ನು ಅದಲುಬದಲು ಮಾಡಿ ಕೇಳಿ. ಯಾವುದು ಯಾವುದೆಂದು ನಿಮಗೆ ಗೊತ್ತಾಗದಂತೆ ಮನೆಯವರೊಬ್ಬರು ಬದಲಿಸಿಕೊಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಅಲೆಯ ಚಿತ್ರ ನೋಡಿ: ತುದಿಗಳೆಲ್ಲ ಕತ್ತರಿಸಿದ ಬೇಲಿಯಂತೆ ಸಮವಾಗಿದ್ದರೆ ಸದ್ದನ್ನು ಹಿಂಡಿದ್ದಾರೆ, ಅಂದರೆ ಮೆಲುವಿಗೂ ಜೋರಿಗೂ ಇರುವ ಅಂತರ ಕುಗ್ಗಿಸಿದ್ದಾರೆ. ಈ ಅಂತರವನ್ನು, ಅಂದರೆ ಡೈನಮಿಕ್ ರೇಂಜ್ ಅಳೆಯುವ ಪುಕ್ಕಟೆ ಮೀಟರ್‌ಗಳೂ ಇವೆ, ಆದರೆ ಎಲ್‌ಪಿಯಿಂದ ಕಂಪ್ಯೂಟರಿಗೆ ಇಳಿಸಿದ ಫೈಲಿನ ಸಂಖ್ಯೆಯನ್ನು ಸಿಡಿಯದರ ಪಕ್ಕ ಇಡಬೇಡಿ. ಕೆತ್ತುವಾಗ ಮತ್ತು ನುಡಿಸುವಾಗ ಅಲೆಯ ತುದಿಗಳ ಆಕಾರ ಬದಲಾಗುವುದರಿಂದ, ಅದೇ ಮಾಸ್ಟರ್ ಇದ್ದರೂ ಎಲ್‌ಪಿಗೆ ಕೆಲವು ಅಂಕ ಹೆಚ್ಚು ಬರುತ್ತದೆ.

ಹಿಂಡಿದ್ದು ಎಲ್ಲಿ ಎಂಬುದೂ ಮುಖ್ಯ. ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ 2008ರಲ್ಲಿ ಬಂದಾಗ ಮಾಸ್ಟರಿಂಗ್‌ನವರ ಮೇಲೆ ಎಲ್ಲರೂ ಹರಿಹಾಯ್ದರು. ಸದ್ದು ತನ್ನ ಕೈಗೆ ಬರುವ ಮೊದಲೇ ಮಿಕ್ಸ್‌ನಲ್ಲೇ ಚಪ್ಪಟೆಯಾಗಿತ್ತು ಎಂದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಹೇಳಬೇಕಾಯಿತು. ಗಿಟಾರ್ ಹೀರೊ ವಿಡಿಯೊ ಆಟದೊಳಗಿದ್ದ ಅದೇ ಹಾಡುಗಳು ಅಷ್ಟು ಹಿಂಡಿರಲಿಲ್ಲ. ಮಿಕ್ಸ್‌ನಲ್ಲೇ ಹಾಳಾದದ್ದಕ್ಕೆ ದುಬಾರಿ ರೀಮಾಸ್ಟರ್ ಕೊಂಡು ಪ್ರಯೋಜನವಿಲ್ಲ ಎಂದು ಓದುಗನಿಗೆ ನೇರವಾಗಿ ಹೇಳಿ.

ಎಲ್‌ಪಿ ವಿಮರ್ಶೆಯಲ್ಲಿ ಪ್ರತಿ ಬದಿಯ ಕೊನೆಯ ಹಾಡನ್ನು ತಪ್ಪದೆ ಕೇಳಿ. ನಿಮಿಷಕ್ಕೆ 33⅓ ಸುತ್ತಿನ 12 ಇಂಚಿನ ತಟ್ಟೆಯಲ್ಲಿ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ, ಒಳಗೆ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತೆ. ಅದಕ್ಕೇ ಅಲ್ಲಿ ‘ಸ’ಕಾರಗಳು ಉಗುಳಿದಂತೆ ಒಡೆಯುತ್ತವೆ, ಸಿಂಬಲ್ ಮಸುಕಾಗುತ್ತದೆ. ಬದಿಗೆ 22–23 ನಿಮಿಷ ಮೀರಿದ್ದರೆ ಸದ್ದನ್ನು ತಗ್ಗಿಸಿ ಕೆತ್ತಬೇಕಾಗುತ್ತದೆ, ಆಗ ಗೀರಿನ ಚರಚರ ಮೇಲೇಳುತ್ತದೆ. ಪಿಯಾನೊದ ಉದ್ದ ಸ್ವರ ಅಲುಗಾಡಿದರೆ ನಡುವಿನ ತೂತು ಕೇಂದ್ರದಲ್ಲಿಲ್ಲ ಎಂದು ತಿಳಿಯಿರಿ. 180 ಗ್ರಾಂ ಎಂಬ ಸ್ಟಿಕರ್ ತಟ್ಟೆಯ ತೂಕ ಹೇಳುತ್ತದೆ, ಸದ್ದಿನ ಗುಣ ಹೇಳುವುದಿಲ್ಲ. ಯೂರೋಪಿನಲ್ಲಿ 1963ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳ ಹಕ್ಕು ಮುಗಿದಿರುವುದರಿಂದ ಯಾರು ಬೇಕಾದರೂ ಒತ್ತಬಹುದು. ಅಗ್ಗದ ಜಾಝ್ ಎಲ್‌ಪಿಯ ಮೇಲೆ ಯಾವ ಟೇಪಿನಿಂದ ಎಂಬ ಮಾತೇ ಇಲ್ಲದಿದ್ದರೆ ಸಿಡಿಯಿಂದ ಇಳಿಸಿರಬಹುದು ಎಂಬ ಅನುಮಾನ ಇಟ್ಟುಕೊಳ್ಳಿ.

ಸಂಗೀತದ ಬಗ್ಗೆ ಬರೆಯುವಾಗ ‘ಅದ್ಭುತ’, ‘ಮಾಂತ್ರಿಕ’ ಬೇಡ. ಯಾರು ಯಾರು ನುಡಿಸಿದ್ದಾರೆ, ಯಾರ ಸೋಲೊ ಯಾರ ನಂತರ, ಎಷ್ಟನೇ ನಿಮಿಷದಲ್ಲಿ ಏನಾಗುತ್ತದೆ ಹೇಳಿ. ಓದುಗನ ಕಿವಿಗೆ ಪರಿಚಯವಿರುವುದನ್ನು ಧಾರಾಳವಾಗಿ ಬಳಸಿ: ‘ಸೋ ವಾಟ್’ ಇರುವ ಡೋರಿಯನ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿ ಎಂದರೆ ನಮ್ಮ ಖರಹರಪ್ರಿಯದ ಸ್ವರಗಳೇ, ಗಮಕವಿಲ್ಲ ಅಷ್ಟೆ. 16 ಬಾರ್ (ನಾಲ್ಕು ಎಣಿಕೆಯ ಆವರ್ತ) ಡಿಯಲ್ಲಿ, ನಡುವೆ ಎಂಟು ಬಾರ್ ಷಡ್ಜವೇ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಬಾರ್ ಡಿಗೆ ವಾಪಸ್. ಹಾಗೆಯೇ ಯಾರು ನಿರಾಶರಾಗುತ್ತಾರೆ ಎಂಬುದನ್ನೂ ಬರೆಯಿರಿ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ ‘ಜ್ಯೋತಿ’ (ಇಸಿಎಂ ಕಂಪನಿ, 1983) ಜಾಝ್ ಕಪಾಟಿನಲ್ಲಿರುತ್ತದೆ, ಆದರೆ ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ ಸೆಟ್ ಇಲ್ಲ, ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗದ ನಡುವೆ ಸ್ಯಾಕ್ಸೊಫೋನ್, ಕೊಳಲು. ಸ್ವಿಂಗ್ (ಜಾಝ್‌ನ ತೂಗುವ ಲಯ) ಹುಡುಕಿ ಬಂದವನಿಗೂ ಕಛೇರಿ ಹುಡುಕಿ ಬಂದವನಿಗೂ ಇದು ಮೊದಲೇ ಗೊತ್ತಿರಬೇಕು.

ನಕ್ಷತ್ರ ಕೊಡುವುದಾದರೆ ಸಂಗೀತಕ್ಕೊಂದು, ಪ್ರತಿಗೊಂದು, ಬೇರೆಬೇರೆ ಕೊಡಿ. ಅಳತೆಗೆ ಒಂದು ಮಾದರಿ:

“ಕೈಂಡ್ ಆಫ್ ಬ್ಲೂ, 1997ರ ಸಿಡಿ, ಸ್ಟೀರಿಯೊ. ಮೊದಲ ಮೂರು ಟ್ರ್ಯಾಕ್‌ಗಳ ವೇಗ ಸರಿಪಡಿಸಿದ ಪ್ರತಿ. ಸ್ಯಾಕ್ಸೊಫೋನ್ ನುಡಿಸುವ ಕೋಲ್ಟ್ರೇನ್ ಎಡಕ್ಕೆ, ಆಡರ್ಲಿ ಬಲಕ್ಕೆ, ಮೈಲ್ಸ್ ನಡುವೆ. ‘ಸೋ ವಾಟ್’ನಲ್ಲಿ ಮೈಲ್ಸ್ ಸ್ವರಗಳ ನಡುವೆ ಜಾಗ ಬಿಡುತ್ತಾನೆ, ಅವನ ಹಿಂದೆಯೇ ಬರುವ ಕೋಲ್ಟ್ರೇನ್ ಆ ಜಾಗವನ್ನೆಲ್ಲ ತುಂಬುತ್ತಾನೆ. ‘ಫ್ರೆಡಿ ಫ್ರೀಲೋಡರ್’ನಲ್ಲಿ ಮಾತ್ರ ಪಿಯಾನೊ ವಿಂಟನ್ ಕೆಲ್ಲಿಯದು, ಉಳಿದದ್ದು ಬಿಲ್ ಇವಾನ್ಸ್. ಕೊನೆಗೆ ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಟೇಕ್ ಇದೆ. ಮೊದಲ ಸಲ ಕೊಳ್ಳುವವರಿಗೆ ಇಷ್ಟು ಸಾಕು. 1980ರ ದಶಕದ ಸಿಡಿ ಇದ್ದವರು ಬದಲಿಸಬಹುದು. ವೇಗ ಸರಿಪಡಿಸಿದ ಪ್ರತಿ ಈಗಾಗಲೇ ಇದ್ದರೆ ಹೊಸ ಹೊದಿಕೆಗಾಗಿ ಇನ್ನೊಂದು ಕೊಳ್ಳಬೇಕಿಲ್ಲ.”