ಓದುಗರ ಪ್ರಶ್ನೆ, ವೈದ್ಯರ ಉತ್ತರ: ಆಶಾ ಕಾರ್ಯಕರ್ತೆಯರ ಮನಸ್ಸಿನ ಬಳಲಿಕೆ

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಆಶಾ ಕಾರ್ಯಕರ್ತೆಯಾಗಿದ್ದೇನೆ. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಗುಲಾಬಿ ಸೀರೆ ಉಡುವಾಗಲೇ ಅಳು ಬರುತ್ತದೆ. ಇದು ಕೆಲಸದ ಸುಸ್ತೋ, ಮನಸ್ಸಿನ ಕಾಯಿಲೆಯೋ? ನಮ್ಮ ಪಿಎಚ್‌ಸಿಯಲ್ಲಿ ಹೇಳಿಕೊಂಡರೆ ಊರಿಗೆಲ್ಲ ಗೊತ್ತಾಗುವ ಭಯ.
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಎರಡೂ ಒಟ್ಟಿಗೆ ಇರಬಹುದು, ಆದರೆ ಎರಡೂ ಒಂದೇ ಅಲ್ಲ. ಕೆಲಸದ ಸುಸ್ತನ್ನು, ಅಂದರೆ ಬರ್ನ್‌ಔಟ್ ಅನ್ನು, ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ. ಕೆಲಸದ ಒತ್ತಡ ಬಹುಕಾಲ ತಗ್ಗದೇ ಹೋದಾಗ ಬರುವ ಸ್ಥಿತಿ ಅದು. ಮೈಮನಸ್ಸಿನ ಕಸುವೆಲ್ಲ ಬತ್ತಿಹೋಗುವುದು, ಮೊದಲು ಅಕ್ಕರೆಯಿಂದ ಮಾತಾಡಿಸುತ್ತಿದ್ದ ಬಾಣಂತಿಯ ಮೇಲೂ ಸಿಡುಕುವುದು, 'ಎಷ್ಟು ಮಾಡಿದರೂ ಅಷ್ಟೇ' ಅನ್ನಿಸುವುದು ಅದರ ಗುರುತುಗಳು. ತವರಿಗೆ ಹೋಗಿ ನಾಲ್ಕು ದಿನ ಫೋನ್ ಮುಟ್ಟದೆ ಇದ್ದು ಬಂದರೆ ಇದು ಸ್ವಲ್ಪವಾದರೂ ಇಳಿಯುತ್ತದೆ. ಖಿನ್ನತೆ ಹಾಗಲ್ಲ, ತವರಿಗೂ ಜೊತೆಯಲ್ಲೇ ಬರುತ್ತದೆ. ಹಬ್ಬದ ಅಡುಗೆ ರುಚಿಸುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಂಡರೂ ಖುಷಿಯಾಗುವುದಿಲ್ಲ. ಬೆಳಗಿನ ಜಾವವೇ ಎಚ್ಚರವಾಗುವುದು, ಬೆಳಿಗ್ಗೆಯೇ ಮನಸ್ಸು ತೀರಾ ಭಾರವಾಗಿರುವುದು ಖಿನ್ನತೆಯ ಕಡೆಗೇ ಬೆರಳು ತೋರಿಸುತ್ತವೆ. ಆದ್ದರಿಂದ ಕಾಯಬೇಡಿ.

ಮೂವತ್ತು ದಾಟಿದವರಿಗೆ ನೀವೇ ತುಂಬುವ ಸಿಬ್ಯಾಕ್ (ಕಾಯಿಲೆಗಳ ಅಪಾಯ ಗುರುತಿಸುವ) ನಮೂನೆಯ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತೇ? ಬೇಸರ, ಹತಾಶೆ ಕಾಡಿತೇ? ಇಲ್ಲವಾದರೆ 0, ಕೆಲವು ದಿನ ಆದರೆ 1, ಅರ್ಧಕ್ಕಿಂತ ಹೆಚ್ಚು ದಿನ ಆದರೆ 2, ಹೆಚ್ಚುಕಮ್ಮಿ ದಿನಾ ಆದರೆ 3. ಮೊತ್ತ 3 ದಾಟಿದರೆ ನೀವು ಊರಿನವರನ್ನು ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಬಳಿಗೆ ಕಳಿಸುತ್ತೀರಿ. ಅದೇ ನಿಯಮ ನಿಮಗೂ ಅನ್ವಯಿಸುತ್ತದೆ. ಇದರ ಮುಂದಿನ ಹಂತ ಪಿಎಚ್‌ಕ್ಯೂ-9, ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಗರಿಷ್ಠ 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಲೇಬೇಕು. ಸಾಯುವ ಯೋಚನೆಯ ಕುರಿತಾದ ಒಂಬತ್ತನೆಯ ಪ್ರಶ್ನೆಗೆ 1 ಬಂದರೂ, ಉಳಿದ ಮೊತ್ತ ಎಷ್ಟೇ ಇರಲಿ, ಅವತ್ತೇ ತೋರಿಸಬೇಕು.

ರಕ್ತಪರೀಕ್ಷೆಯನ್ನೂ ಮಾಡಿಸಿ: ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಸಾಧ್ಯವಾದರೆ ಬಿ12. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚುವವರದೇ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿರಬಹುದು. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಖಿನ್ನತೆಯ ವೇಷದಲ್ಲೇ ಬರುತ್ತವೆ. ಆದರೆ ಅವು ಸಿಕ್ಕವೆಂದು ಖಿನ್ನತೆಯನ್ನು ಕೈಬಿಡಬಾರದು, ಎರಡಕ್ಕೂ ಚಿಕಿತ್ಸೆ ಬೇಕು.

ಗುಟ್ಟಿನ ಮಾತಿಗೆ ಬಂದರೆ, ನಿಮ್ಮ ಭಯ ಸುಳ್ಳಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ: ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕು ಬೇಡವೆನಿಸಿದರೆ ಪಕ್ಕದ ತಾಲ್ಲೂಕಿಗೋ ಜಿಲ್ಲಾಸ್ಪತ್ರೆಗೋ ಹೋಗಿ. ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಹಕ್ಕು.

ಪ್ರಶ್ನೆ: ನಾನು ಆಶಾ ಸುಗಮಕಾರ್ತಿ, ಆಶಾಗಳ ಕೆಲಸ ನೋಡಿಕೊಳ್ಳುವವಳು. ನಮ್ಮ ಒಬ್ಬ ಆಶಾ ಜೊತೆಗೆ ಹೋಗಿದ್ದ ಗರ್ಭಿಣಿ ಹೆರಿಗೆಯಲ್ಲಿ ತೀರಿಕೊಂಡರು. ಅಂದಿನಿಂದ ಅವಳು ಮಂಕಾಗಿದ್ದಾಳೆ, ಸಭೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಏನು ಮಾಡಲಿ?
– ರಾಯಚೂರು ಜಿಲ್ಲೆಯ ಓದುಗರು

ಉತ್ತರ: ತಾಯಿ ಮರಣವಾದರೆ ಪರಿಶೀಲನೆ ನಡೆಯುತ್ತದೆ. ತಾಯಿ ಕಾರ್ಡ್ ಯಾವಾಗ ಆಯಿತು, ಬಿಪಿ ಎಷ್ಟಿತ್ತು, ಗಾಡಿ ಎಷ್ಟು ಹೊತ್ತಿಗೆ ಬಂತು ಎಲ್ಲವನ್ನೂ ಅವಳಿಂದ ಬರೆಸಿಕೊಳ್ಳುತ್ತಾರೆ. 'ನೀನು ರಾತ್ರಿ ನಿದ್ದೆ ಮಾಡಿದೆಯಾ?' ಎಂದು ಕೇಳುವ ಕಾಲಂ ಆ ನಮೂನೆಯಲ್ಲಿಲ್ಲ. ಅದನ್ನು ಕೇಳಬೇಕಾದವರು ನೀವು.

ಸಭೆಯಲ್ಲಿ ಬೇಡ, ಅವಳ ಮನೆಗೆ ಹೋಗಿ. ನಡೆದದ್ದನ್ನೆಲ್ಲ ಮೊದಲಿಂದ ಹೇಳು ಎಂದು ಒತ್ತಾಯಿಸಬೇಡಿ. ಆಘಾತವಾದ ಹೊಸದರಲ್ಲಿ ಹಾಗೆ ಕೆದಕಿ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ಕೆಡುಕೇ ಆಗುತ್ತದೆ. ತಾನಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. 'ಹಣೆಬರಹ ಬಿಡು' ಅನ್ನಬೇಡಿ. ಪರಿಶೀಲನೆಗೆ ಕರೆದ ದಿನ ಪಕ್ಕದಲ್ಲಿ ನೀವೇ ಕೂತಿರಿ. ಒಂದೆರಡು ವಾರ ಹೆರಿಗೆಗೆ ಜೊತೆ ಹೋಗುವ ಕೆಲಸವನ್ನು ಇನ್ನೊಬ್ಬರಿಗೆ ಕೊಡಿ, ಆದರೆ ಎಲ್ಲ ಕೆಲಸ ಬಿಡಿಸಬೇಡಿ. ಬಿಡಿಸಿದರೆ ತಪ್ಪು ತನ್ನದೇ ಎಂದು ಗಟ್ಟಿಯಾಗಿ ನಂಬುತ್ತಾಳೆ, ಪ್ರೋತ್ಸಾಹಧನವೂ ಹೋಗುತ್ತದೆ. ತಿಂಗಳು ಕಳೆದರೂ ಕೆಟ್ಟ ಕನಸು ಬೀಳುತ್ತಿದ್ದರೆ, ಆ ಓಣಿಗೆ ಕಾಲಿಡಲಾಗದಿದ್ದರೆ ಮನೋವೈದ್ಯರಿಗೆ ತೋರಿಸಿ.

ಮತ್ತೊಂದು ಮಾತು, ಇದೇ ಮುಖ್ಯ. 'ಸತ್ತುಹೋಗಬೇಕು ಅನ್ನಿಸುತ್ತಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿ, ತೊಗರಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿ ಮನೆಯಲ್ಲಿದ್ದರೆ ಅದನ್ನು ಆ ಸಂಜೆಯೇ ಬೇರೆಯವರ ಮನೆಗೆ ಸಾಗಿಸಲು ಮನೆಯವರಿಗೆ ಹೇಳಿ. ಇಂಥ ಯೋಚನೆಯ ತೀವ್ರತೆ ಎಷ್ಟೋ ಸಲ ಕೆಲವು ಗಂಟೆಗಳದ್ದು. ಆ ಗಂಟೆಗಳಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಪ್ರಶ್ನೆ: ನನ್ನ ಹೆಂಡತಿ ಆಶಾ. ವೈದ್ಯರು ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಮಾತ್ರೆ ಬರೆದುಕೊಟ್ಟರು. ವಾಕರಿಕೆ ಎಂದು ಹತ್ತೇ ದಿನಕ್ಕೆ ಬಿಟ್ಟಿದ್ದಾಳೆ. ಚಟವಾಗುತ್ತದೆ ಎಂದೂ ಹೇಳುತ್ತಾರೆ.
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ಈ ಮಾತ್ರೆಯ ತೊಂದರೆ ಮೊದಲ ವಾರವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹಾಗಾಗಿ ಬಹಳ ಜನ ನಡುವೆಯೇ ಬಿಡುತ್ತಾರೆ. ಊಟದ ನಂತರ ತೆಗೆದುಕೊಂಡರೆ ವಾಕರಿಕೆ ಕಡಿಮೆ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಇದು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವಂಥವು ನಿದ್ದೆಗೆಂದು ಕೊಡುವ ಆಲ್‌ಪ್ರಜೊಲಾಮ್, ಕ್ಲೊನಾಜೆಪಾಮ್. ಚೀಟಿಯಲ್ಲಿ ಅವೂ ಇದ್ದರೆ ಎಷ್ಟು ದಿನಕ್ಕೆ ಎಂದು ವೈದ್ಯರನ್ನು ಕೇಳಿ, ನಾಲ್ಕು ವಾರಕ್ಕಿಂತ ಹೆಚ್ಚು ಎಳೆಯಬಾರದು. ಮಂಡಿನೋವಿಗೆ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಅದೂ ಎಸ್ಸಿಟಾಲೊಪ್ರಾಮೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಎಸ್ಸಿಟಾಲೊಪ್ರಾಮ್ ಅನ್ನು ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ನಂತರ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ ಶುರುವಾಗುತ್ತದೆ. ಈಗ ಬಿಟ್ಟಿದ್ದಾರಲ್ಲ, ತಾವಾಗಿ ಶುರು ಮಾಡದೆ ಈ ವಾರವೇ ಅದೇ ವೈದ್ಯರ ಬಳಿ ಹೋಗಿ.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೂ ಫೋನ್. ಮಾಡಿದ ಕೆಲಸದ ಪ್ರೋತ್ಸಾಹಧನ ಪೂರ್ತಿ ಬರುವುದಿಲ್ಲ. ಮಾತ್ರೆ ತಿಂದರೆ ಇದು ಸರಿಹೋಗುತ್ತಾ?
– ಮೈಸೂರು ಜಿಲ್ಲೆಯ ಓದುಗರು

ಉತ್ತರ: ಹೋಗುವುದಿಲ್ಲ. ಮಾತ್ರೆಯಿಂದ ನಿಮ್ಮ ನಿದ್ದೆ ಸರಿಹೋಗಬಹುದು, ಕೆಲಸದ ಹೊರೆ ಇಳಿಯುವುದಿಲ್ಲ. ಪಕ್ಕದ ಇಬ್ಬರು ಆಶಾಗಳ ಜೊತೆ ಸೇರಿ ರಾತ್ರಿಯ ಪಾಳಿ ಮಾಡಿಕೊಳ್ಳಿ. ಗರ್ಭಿಣಿಯರ ಮನೆಗೆ ಏಳನೇ ತಿಂಗಳಲ್ಲೇ ಮೂವರ ನಂಬರ್ ಬರೆದುಕೊಡಿ, ನೋವು ಬಂದರೆ ಮೊದಲು 108ಕ್ಕೆ, ಆಮೇಲೆ ನಿಮಗೆ ಎಂದು ಹೇಳಿಡಿ. ಹಣದ ವಿಚಾರದಲ್ಲಿ ಬಾಯಿಮಾತು ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿಗೆ 3, 7, 14, 21, 28, 42ನೇ ದಿನದ ಆರು ಭೇಟಿ ಮುಗಿದರೆ 250 ರೂಪಾಯಿ. ಒಂದು ಭೇಟಿ ದಾಖಲಾಗದಿದ್ದರೂ ಆ ಹಣ ಸಿಕ್ಕಿಕೊಳ್ಳುತ್ತದೆ. ಭೇಟಿಯ ದಿನವೇ ಡೈರಿಯಲ್ಲಿ ದಿನಾಂಕ, ಮಗುವಿನ ತೂಕ ಬರೆಯಿರಿ, ಕಳಿಸಿದ ನಮೂನೆಯ ಫೋಟೊ ಇಟ್ಟುಕೊಳ್ಳಿ. ಬಾಕಿ ಉಳಿದದ್ದನ್ನು ಲಿಖಿತ ಅರ್ಜಿಯಲ್ಲಿ ಕೊಟ್ಟು, ನಕಲಿನ ಮೇಲೆ ದಿನಾಂಕ ಸಹಿತ ಸ್ವೀಕೃತಿ ಹಾಕಿಸಿಕೊಳ್ಳಿ. ಒಬ್ಬರೇ ಕೊಡುವುದಕ್ಕಿಂತ ಐದಾರು ಮಂದಿ ಒಟ್ಟಿಗೆ ಹೋಗಿ ಕೊಡಿ.