ರಕ್ತದ ಗುಳಿಗೆಯ ಜೊತೆ ನುಂಗಿದ ಗುಳಿಗೆ

ಪ್ರಕರಣ ಕೊಪ್ಪಳ ಜಿಲ್ಲೆಯ ನೀರಾವರಿ ಭಾಗದ್ದು. ಆಕೆಗೆ 34 ವರ್ಷ, ನೆಲ್ಲಿನ ಸಸಿ ಹಚ್ಚುವ ಕೂಲಿ. ಗಂಡ ರೈಸ್‌ಮಿಲ್ಲಿನಲ್ಲಿ ಹಮಾಲ. ಆಕೆಗೆ ಎಚ್‌ಐವಿ ಇದೆ, ಗಂಡನಿಗೆ ಇಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಲಾಗಿದೆ.

ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಗೆ ದಿನಾ ನುಂಗುವ ಔಷಧ, ಶುರುವಾಗಿ ಆರು ತಿಂಗಳಿಗೆ ಮಾಡಿಸಿದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಎಣಿಕೆ) ಮಿಲಿಲೀಟರಿಗೆ 4,200 ಬಂದಿತ್ತು. ಆ ಹೊತ್ತಿಗೆ 1,000ಕ್ಕಿಂತ ಕೆಳಗಿರಬೇಕಾದ ಸಂಖ್ಯೆ ಇದು. ಇಂಥ ವರದಿ ಬಂದಾಗ 'ಗುಳಿಗೆ ಸರಿಯಾಗಿ ತಗೊಂಡಿಲ್ಲ' ಎಂದು ಬರೆದು, ಬೈದು ಕಳಿಸುವ ಅವಸರ ಎಷ್ಟೋ ಕಡೆ ಇದೆ. ಎಆರ್‌ಟಿ ಕೇಂದ್ರದ ಆಪ್ತಸಲಹೆಗಾರ್ತಿಗೆ ಆಕೆ ಹೇಳಿದ್ದು ಒಂದೇ ಮಾತು: "ಒಂದಿನಾನೂ ತಪ್ಪಿಸಿಲ್ರಿ ಅಕ್ಕಾರ." ರಿಜಿಸ್ಟರ್ ಕೂಡ ಆಕೆಯ ಕಡೆಗೇ ಇತ್ತು. ಮೂವತ್ತು ಗುಳಿಗೆಯ ಡಬ್ಬಿ ಒಯ್ದವಳು 24ನೇ ದಿನಕ್ಕೇ ಮತ್ತೆ ಬಂದಿದ್ದಳು. ತಪ್ಪಿಸುವವರ ಹತ್ತಿರ ಗುಳಿಗೆ ಉಳಿಯುತ್ತವೆ. ಇಲ್ಲಿ ಆರು ಕಡಿಮೆ ಬಿದ್ದಿದ್ದವು.

ಹಾಗಾಗಿ 'ಯಾಕೆ ಮರೆತಿರಿ' ಎಂದು ಕೇಳಲಿಲ್ಲ. "ನಿನ್ನೆ ನಸುಕಿನಾಗ ಎದ್ದಾಗಿಂದ ಮಲಗೋತನಕ ಬಾಯಿಗೆ ಏನೇನು ಹಾಕಿದ್ರಿ, ಒಂದೂ ಬಿಡದಂಗ ಹೇಳ್ರಿ" ಎಂದು ಕೇಳಿ, ಚೀಲದಲ್ಲಿದ್ದ ಔಷಧವನ್ನೆಲ್ಲ ಮೇಜಿನ ಮೇಲೆ ಇಡಿಸಲಾಯಿತು. ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಬ್ಬಿಣಾಂಶದ ಕೆಂಪು ಗುಳಿಗೆ, ಕ್ಯಾಲ್ಸಿಯಂನ ಬಿಳಿ ಗುಳಿಗೆ, ಅವುಗಳ ನಡುವೆ ಡಬ್ಬಿಯಿಂದ ಬಿಡಿಸಿ ಹಾಕಿದ ಎಆರ್‌ಟಿ ಗುಳಿಗೆ. ಪಕ್ಕದಲ್ಲಿ ಎದೆಯುರಿಯ ಗುಲಾಬಿ ಔಷಧದ ಬಾಟಲಿ, ಅಂಗಡಿಯಿಂದ ತಂದ ನೋವಿನ ಗುಳಿಗೆ ಡೈಕ್ಲೋಫೆನಾಕ್‌ನ ಪಟ್ಟಿ. ಅತ್ತೆಗೆ ವಿಷಯ ಗೊತ್ತಿರಲಿಲ್ಲ. "ಎಲ್ಲಾ ರಕ್ತ ಆಗೋ ಗುಳಿಗಿ ಅಂತ ಅತ್ತಿಗೆ ಹೇಳೀನ್ರಿ" ಎಂದಳು. ಆ ಮಾತು ನಿಜವೆನಿಸಬೇಕಲ್ಲ, ಅದಕ್ಕೇ ನಸುಕಿನ ಐದಕ್ಕೆ, ಖಾಲಿ ಹೊಟ್ಟೆಯಲ್ಲಿ, ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿ ಹೊಲಕ್ಕೆ ಹೋಗುತ್ತಿದ್ದಳು.

ತೊಂದರೆಯ ಮೂಲ ಅಲ್ಲಿತ್ತು. ಆಕೆಯ ಗುಳಿಗೆ ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಡೊಲುಟೆಗ್ರಾವಿರ್‌ಗೆ ಲೋಹದ ಅಂಶವನ್ನು ಹಿಡಿದುಕೊಳ್ಳುವ ಗುಣವಿದೆ. ವೈರಸ್‌ನ ಕಿಣ್ವದೊಳಗಿನ ಮೆಗ್ನೀಸಿಯಂ ಹಿಡಿದೇ ಅದು ವೈರಸ್ಸನ್ನು ಕಟ್ಟಿಹಾಕುವುದು. ಹೊಟ್ಟೆಯಲ್ಲೇ ಕಬ್ಬಿಣ, ಕ್ಯಾಲ್ಸಿಯಂ, ಅಲ್ಯುಮಿನಿಯಂ ಸಿಕ್ಕರೆ ಅವಕ್ಕೇ ಅಂಟಿಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಗುಳಿಗೆ ನುಂಗಿದ್ದು ಖರೆ, ಮೈಗೆ ಹತ್ತಿದ್ದು ಅರೆಬರೆ.

ನಿಯಮ ಹೀಗಿದೆ. ಟಿಎಲ್‌ಡಿ ನುಂಗಿ ಎರಡು ತಾಸು ಆದಮೇಲೆ ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಬಹುದು. ಅವನ್ನು ಮೊದಲು ತೆಗೆದುಕೊಂಡಿದ್ದರೆ ಟಿಎಲ್‌ಡಿಗೆ ಆರು ತಾಸು ಕಾಯಬೇಕು. ಹೊಟ್ಟೆ ತುಂಬ ಉಂಡು ಒಟ್ಟಿಗೇ ನುಂಗಿದರೂ ನಡೆಯುತ್ತದೆ, ಆದರೆ ಆ ರಿಯಾಯಿತಿ ಎದೆಯುರಿಯ ಔಷಧಕ್ಕಿಲ್ಲ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆ ಔಷಧಕ್ಕೆ ಉಂಡರೂ ಉಣ್ಣದಿದ್ದರೂ ಅಂತರ ಬೇಕೇ ಬೇಕು. ಎದೆಯುರಿಗೇ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಿಂದ ಈ ತೊಡಕಿಲ್ಲ.

ಆಕೆಗೆ ಬರೆದುಕೊಟ್ಟ ವೇಳೆ: ರಾತ್ರಿ ಉಂಡು ಒಂಬತ್ತಕ್ಕೆ ಟಿಎಲ್‌ಡಿ. ಮುಂಜಾನೆ ಏಳಕ್ಕೆ ತಿಂದು ಕ್ಯಾಲ್ಸಿಯಂ. ಮಧ್ಯಾಹ್ನ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಕಬ್ಬಿಣದ ಗುಳಿಗೆ, ಅದರ ಬೆನ್ನಿಗೇ ಚಹಾ ಬೇಡ. ಗುಲಾಬಿ ಔಷಧ ಬೇಕೇ ಬೇಕೆಂದರೆ ಮಧ್ಯಾಹ್ನ ಮೂರರೊಳಗೆ. ರಾತ್ರಿ ನಿದ್ದೆ ಹಾರಿಹೋದರೆ ಟಿಎಲ್‌ಡಿಯನ್ನು ಮುಂಜಾನೆಗೆ ತಂದು, ಉಳಿದವನ್ನು ಆ ಲೆಕ್ಕದಲ್ಲಿ ಹಿಂದೆ ಮುಂದೆ ಮಾಡಬೇಕು. ಮರೆತರೆ ನೆನಪಾದ ಕೂಡಲೇ ನುಂಗುವುದು. ಮುಂದಿನ ಗುಳಿಗೆಗೆ ನಾಲ್ಕು ತಾಸಿಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡುವುದು, ಎರಡು ಕೂಡಿಸಿ ನುಂಗಬಾರದು.

ಡೈಕ್ಲೋಫೆನಾಕ್ ಬೇರೆಯದೇ ಚಿಂತೆ. ಸಸಿ ಹಚ್ಚುವ ದಿನಗಳಲ್ಲಿ ಸೊಂಟ ನೋವಿಗೆ ದಿನಾ ಒಂದು ನುಂಗುವವರು ನಮ್ಮ ಭಾಗದಲ್ಲಿ ಬಹಳ. ಟೆನೊಫೊವಿರ್ ಜೊತೆ ಅದು ಮೂತ್ರಪಿಂಡಕ್ಕೆ ಭಾರ. ಪ್ಯಾರಾಸಿಟಮಾಲ್ ಸಾಕೆಂದು ಹೇಳಿ, ಕ್ರಿಯಾಟಿನಿನ್ ಪರೀಕ್ಷೆಗೆ ವೈದ್ಯರ ಹತ್ತಿರ ಕಳಿಸಲಾಯಿತು. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಫೆನಿಟೊಯಿನ್, ಕಾರ್ಬಮಜೆಪಿನ್ ಶುರುವಾದರೂ ಎಆರ್‌ಟಿ ಕೇಂದ್ರಕ್ಕೆ ತಿಳಿಸಲೇಬೇಕು. ರಿಫಾಂಪಿಸಿನ್ ಇರುವಾಗ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಉಳಿದದ್ದು ಆ ಆರು ಗುಳಿಗೆಯ ಲೆಕ್ಕ. ಆಕೆಯ ಒಪ್ಪಿಗೆ ಪಡೆದು ಗಂಡನ ಜೊತೆ ಬೇರೆಯಾಗಿ ಮಾತಾಡಲಾಯಿತು. ಕೂಡಿದ ದಿನ ಆಕೆಯ ಡಬ್ಬಿಯಿಂದ ಒಂದು ನುಂಗಿದರೆ ತನಗೆ ರೋಗ ಹತ್ತುವುದಿಲ್ಲವೆಂದು ಆತ ನಂಬಿದ್ದ. ಹೆಂಡತಿಯನ್ನು ಬಿಡದೆ ಜೊತೆಗಿರಬೇಕೆಂಬ ಆಸೆಯಿಂದ ಮಾಡಿದ್ದು, ಅದನ್ನು ತಪ್ಪೆಂದು ಮುಖಕ್ಕೆ ಹೇಳಿದ್ದರೆ ಮತ್ತೆ ಬರುತ್ತಿರಲಿಲ್ಲ. ಹಾಗೆ ಒಂದೊಂದು ನುಂಗಿದರೆ ರಕ್ಷಣೆ ಸಿಗುವುದಿಲ್ಲ, ಗೊತ್ತಿಲ್ಲದೆ ಸೋಂಕು ಇದ್ದರೆ ವೈರಸ್ ಆ ಔಷಧಕ್ಕೇ ಒಗ್ಗಿಕೊಳ್ಳುತ್ತದೆ, ಮೇಲಾಗಿ ಆಕೆಗೆ ತಿಂಗಳ ಕೊನೆಗೆ ಗುಳಿಗೆ ಇಲ್ಲದಾಗುತ್ತದೆ ಎಂದು ವಿವರಿಸಲಾಯಿತು. ಸೋಂಕು ಇಲ್ಲದವರಿಗೆ ಇರುವುದು ಪ್ರೆಪ್, ಅಂದರೆ ಸೋಂಕು ತಗಲುವ ಮೊದಲೇ ನುಂಗುವ ತಡೆ ಔಷಧ: ಟೆನೊಫೊವಿರ್ ಜೊತೆ ಎಮ್‌ಟ್ರಿಸಿಟಬಿನ್ ಅಥವಾ ಲ್ಯಾಮಿವುಡಿನ್, ದಿನಕ್ಕೆ ಒಂದು. ಅದಕ್ಕೂ ಮೊದಲು ಎಚ್‌ಐವಿ, ಮೂತ್ರಪಿಂಡ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಹೆಪಟೈಟಿಸ್ ಬಿ ಇದ್ದವರು ಈ ಔಷಧವನ್ನು ತಟ್ಟನೆ ನಿಲ್ಲಿಸಿದರೆ ಲಿವರ್ ಕೆರಳುತ್ತದೆ. ಆತನ ಪರೀಕ್ಷೆ ನೆಗೆಟಿವ್ ಬಂತು, ವೈದ್ಯರು ಪ್ರೆಪ್ ಬರೆದುಕೊಟ್ಟರು. ಆಕೆಯ ವೈರಲ್ ಲೋಡ್ ಇಳಿಯುವತನಕ ನಿರೋಧ್ ಬಿಡಬಾರದು. ನಿರೋಧ್ ಹರಿದು, ಪ್ರೆಪ್ಪೂ ತಪ್ಪಿದ್ದರೆ 72 ತಾಸಿನೊಳಗೆ, ಎಷ್ಟು ಬೇಗ ಆದೀತೋ ಅಷ್ಟು ಬೇಗ ಬಂದು 28 ದಿನದ ಪೆಪ್ (ಸೋಂಕು ತಗಲಿರಬಹುದಾದ ಮೇಲೆ ಕೊಡುವ ತಡೆ ಔಷಧ) ಶುರು ಮಾಡಬೇಕು.

ಗುಳಿಗೆ ಮುಚ್ಚಿಡುವ ಮಾತಿಗೆ ಹೆಚ್ಚು ಹೊತ್ತು ಹಿಡಿಯಿತು. ಅತ್ತೆಗೆ ಹೇಳುವುದು ಬಿಡುವುದು ಆಕೆಯ ಇಚ್ಛೆ. ಒಪ್ಪಿಗೆ ಇಲ್ಲದೆ ಆಕೆಯ ಸ್ಥಿತಿಯನ್ನು ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ, ನಾವೂ ಹೇಳುವುದಿಲ್ಲ ಎಂದು ತಿಳಿಸಲಾಯಿತು. ಆದರೆ ಗುಳಿಗೆಯನ್ನು ಕವರಿಗೆ ಹಾಕಿದರೆ ತೇವ ಹಿಡಿದು ಕೆಡುತ್ತದೆ. ಡಬ್ಬಿಯ ಚೀಟಿ ಕೆರೆದು ತೆಗೆಯಬಹುದು, ಒಳಗಿನ ತೇವ ಹೀರುವ ಪೊಟ್ಟಣ ಎಸೆಯಬಾರದು, ಗಲಗಲ ಸದ್ದಾಗದಂತೆ ಮೇಲೆ ಹತ್ತಿ ತುರುಕಬಹುದು. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಡಬಾರದು; ನೆಲದ ಮೇಲಿನ ಪೆಟ್ಟಿಗೆ ತಂಪು. ಗಂಡ ರಾತ್ರಿ ಎಂಟೂವರೆಗೆ ಮನೆಗೆ ಬರುತ್ತಾನೆ. ಒಂಬತ್ತಕ್ಕೆ ಇಬ್ಬರೂ ಒಟ್ಟಿಗೆ ನುಂಗುವುದೆಂದು ತಾವೇ ಮಾತಾಡಿಕೊಂಡರು. ಹೊರಗೆ ಕೂಲಿಗೆ ಹೋದರೆ ದಿನದ ಲೆಕ್ಕಕ್ಕಿಂತ ಮೂರು ಗುಳಿಗೆ ಹೆಚ್ಚು ಒಯ್ಯಬೇಕು. ಸಂಶಯ ಬಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಕಾಸಿಲ್ಲದೆ ಮಾಹಿತಿ ಸಿಗುತ್ತದೆ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಬಸುರಿಯರಿಗೆ 180 ದಿನ ಕಬ್ಬಿಣದ ಗುಳಿಗೆ, ದಿನಕ್ಕೆ ಎರಡು ಕ್ಯಾಲ್ಸಿಯಂ ಕೊಡುತ್ತಾರೆ. ಟಿಎಲ್‌ಡಿ ಕೊಡುವವರು ಒಂದು ಕಡೆ, ಅವನ್ನು ಕೊಡುವವರು ಇನ್ನೊಂದು ಕಡೆ. ಮಗುವಿಗೆ ಸೋಂಕು ಹೋಗದಿರಲು ತಾಯಿಯ ವೈರಲ್ ಲೋಡ್ ಇಳಿಯಲೇಬೇಕಾದ ಕಾಲದಲ್ಲೇ ಎರಡೂ ಒಂದೇ ಗುಟುಕಿಗೆ ಒಳಗೆ ಹೋಗುವ ಅಪಾಯ ಇರುತ್ತದೆ. ಆಪ್ತಸಲಹೆಗಾರರು ಚೀಲ ಬಿಚ್ಚಿಸಿ ನೋಡಬೇಕು.

ತಿಂಗಳಿಗೊಂದರಂತೆ ಮೂರು ಭೇಟಿ ಆದಮೇಲೆ ವೈರಲ್ ಲೋಡ್ ಮತ್ತೆ ಮಾಡಿಸಲಾಯಿತು. ವೈರಸ್ ಪತ್ತೆಯಾಗಲಿಲ್ಲ. ಆ ಸಲ ಆಕೆ 28ನೇ ದಿನಕ್ಕೆ ಬಂದಿದ್ದಳು, ಡಬ್ಬಿಯಲ್ಲಿ ಎರಡು ಗುಳಿಗೆ ಉಳಿದಿದ್ದವು.